ದೀಪ ಎಲ್ಲಿತ್ತು?

ಪ್ರೀತಿಯ ಹುಡುಗಿ,

ಹಾಲಿವುಡ್ ನಟಿ ಮಾರ್ಲೀನ್ ಡೀಟ್ರಿಚ್ ಬಗ್ಗೆ ನೀನು ಕಳಿಸಿದ ಲೇಖನ ಎರಡು ಸಲ ಓದಿದೆ. ಮೊದಲ ಪುಟದಲ್ಲೇ ‘ಅಪ್ರತಿಮ’ ಮೂರು ಸಲ, ‘ಮೋಹಕ’ ನಾಲ್ಕು ಸಲ ಬಂದಿದೆ. ಬೇಜಾರು ಮಾಡ್ಕೋಬೇಡ. ನಾನೂ ಹೀಗೇ ಬರೆಯುತ್ತಿದ್ದೆ. ನನ್ನ ಮೊದಲ ಸಿನಿಮಾ ಲೇಖನ ವಾಪಸ್ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಪ್ರಶ್ನೆ ಇತ್ತು: ‘ಏನು ನೋಡಿದಿರಿ?’ ಎರಡು ದಿನ ಸಿಟ್ಟಿನಲ್ಲಿದ್ದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡು. ದೀಪ ಆರಿಸಿ ಕನ್ನಡಿ ಮುಂದೆ ನಿಲ್ಲು. ಮೊಬೈಲ್ ಟಾರ್ಚನ್ನು ಗದ್ದದ ಕೆಳಗೆ ಹಿಡಿ. ದೆವ್ವದ ಹಾಗೆ ಕಾಣ್ತೀಯ, ಅಲ್ವಾ? ಈಗ ಅದನ್ನೇ ಮುಖದ ನೇರಕ್ಕೆ, ಕೈ ಎಟುಕುವಷ್ಟು ಮೇಲೆ ಎತ್ತು. ಮೂಗಿನ ಕೆಳಗೆ ಪುಟ್ಟ ಚಿಟ್ಟೆಯಂಥ ನೆರಳು ಬೀಳುತ್ತದೆ. ಕೆನ್ನೆ ಒಳಕ್ಕೆ ಹೋಗಿ ಮೂಳೆ ಎದ್ದು ಕಾಣುತ್ತದೆ. ನೀನು ಅಷ್ಟೆಲ್ಲ ಹೊಗಳಿದ ಮುಖ ಮೂಡುವುದು ಹೀಗೆ.

1930ರಿಂದ 1935ರವರೆಗೆ ನಿರ್ದೇಶಕ ಯೋಸೆಫ್ ಫಾನ್ ಸ್ಟರ್ನ್‌ಬರ್ಗ್ ಡೀಟ್ರಿಚ್ ಜೊತೆ ಏಳು ಚಿತ್ರ ಮಾಡಿದರು. ಮೊದಲನೆಯದು ಬರ್ಲಿನ್‌ನಲ್ಲಿ, ಉಳಿದ ಆರು ಹಾಲಿವುಡ್‌ನಲ್ಲಿ. ಆ ಮೊದಲ ಚಿತ್ರ ‘ದಿ ಬ್ಲೂ ಏಂಜೆಲ್’ನಲ್ಲಿ ಆಕೆಯದು ದುಂಡು ಮುಖ. 1932ರ ‘ಶಾಂಘೈ ಎಕ್ಸ್‌ಪ್ರೆಸ್’ ಹೊತ್ತಿಗೆ ಉಳಿ ಹಿಡಿದು ಕೆತ್ತಿದ ಹಾಗಿದೆ. ತೂಕ ಇಳಿಸಿದ್ದೂ ಉಂಟು. ಆದರೆ ಜಾಸ್ತಿ ಕೆತ್ತಿದ್ದು ಬೆಳಕೇ.

ಆ ಚಿತ್ರ ಇನ್ನೊಮ್ಮೆ ನೋಡು. ಟ್ರಾವಿಸ್ ಬ್ಯಾಂಟನ್ ವಿನ್ಯಾಸದ ಕರಿ ಗರಿಯ ಉಡುಪು. ಮುಖಕ್ಕೆ ಕರಿ ಜಾಲರಿ. ಅದರ ಮುಂದೆ ಹೊಗೆ, ಇಲ್ಲವೇ ಕಿಟಕಿ ಗಾಜು. ನಮಗೂ ಆಕೆಗೂ ನಡುವೆ ಏನಾದರೊಂದು ಅಡ್ಡ ಇದ್ದೇ ಇರುತ್ತದೆ. ಲೀ ಗಾರ್ಮ್ಸ್‌ಗೆ ಛಾಯಾಗ್ರಹಣದ ಆಸ್ಕರ್ ಸಿಕ್ಕಿದ್ದು ಇದಕ್ಕೇ. (ಚೀನಾದ ರೈಲು ಅಂತ ತೋರಿಸುವ ಅದನ್ನು ತೆಗೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಸುಮ್ನೆ ಹೇಳಿದೆ.)

ಅದೇ ಚಿತ್ರದ ಪ್ರಾರ್ಥನೆಯ ದೃಶ್ಯಕ್ಕೆ ನೀನು ‘ಆಕೆ ಅತೀವ ದುಃಖದಿಂದ ದೇವರಿಗೆ ಮೊರೆಯಿಡುತ್ತಾಳೆ’ ಅಂತ ಬರೆದಿದ್ದೀಯ. ದುಃಖ ಎಲ್ಲಿ ಕಂಡಿತು? ತೆರೆಯ ಮೇಲೆ ಇರುವುದು ಕತ್ತಲೆ, ಅದರಲ್ಲಿ ಜೋಡಿಸಿದ ಎರಡು ಕೈ. ಮುಖವೇ ಇಲ್ಲ. ಆ ಕೈ ಬಗ್ಗೆ ನಾಲ್ಕು ಸಾಲು ಬರಿ. ‘ದುಃಖ’ ಅನ್ನುವ ಪದ ತೆಗೆದುಬಿಡು. ನಂತರ ಸಿಗರೇಟು ಹಿಡಿದ ಬೆರಳು ನಡುಗುವುದನ್ನೂ ಬಿಡಬೇಡ.

ಇನ್ನೊಂದು ತಕರಾರು. ಆಕೆಯನ್ನು ಸ್ಟರ್ನ್‌ಬರ್ಗ್ ಆಡಿಸಿದ ಗೊಂಬೆ ಅಂದಿದ್ದೀಯ. ಅದನ್ನು ಹೊಡೆದು ಹಾಕು. ಸೆಟ್ಟಿನಲ್ಲಿ ದೊಡ್ಡ ಕನ್ನಡಿ ಇಡಿಸಿಕೊಂಡು, ನೆರಳು ಎಲ್ಲಿ ಬೀಳುತ್ತಿದೆ ಅಂತ ತಾನೇ ನೋಡಿಕೊಳ್ಳುತ್ತಿದ್ದ ಹೆಂಗಸು ಆಕೆ. ಎಲ್ಲವನ್ನೂ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವ ನಿರ್ದೇಶಕ ಹಿಚ್‌ಕಾಕ್ ಕೂಡ 1950ರ ‘ಸ್ಟೇಜ್ ಫ್ರೈಟ್’ನಲ್ಲಿ ಆಕೆಯ ದೀಪವನ್ನು ಆಕೆಗೇ ಬಿಟ್ಟರು. ಗುರುವಿನ ಕೈಕೆಳಗೆ ಕಲಿತು, ಗುರು ಹೋದ ಮೇಲೂ ಕಸುಬು ಉಳಿಸಿಕೊಂಡವಳು ಗೊಂಬೆ ಹೇಗಾಗುತ್ತಾಳೆ? ನಿನ್ನ ಲೇಖನ ಶುರುವಾಗಬೇಕಾದದ್ದು ಆ ಕನ್ನಡಿಯಿಂದ ಅಂತ ನನಗನ್ನಿಸುತ್ತದೆ.

‘ಶಾಂಘೈ ಎಕ್ಸ್‌ಪ್ರೆಸ್’ ಸೌಂಡ್ ಆಫ್ ಮಾಡಿ ಒಮ್ಮೆ ನೋಡು. ಪ್ರತಿ ದೃಶ್ಯಕ್ಕೂ ದೀಪ ಎಲ್ಲಿತ್ತು ಅಂತ ಪಕ್ಕದಲ್ಲಿ ಗುರುತು ಹಾಕಿಕೋ. ಮುಂದಿನ ವಾರ ತಿದ್ದಿ ಕಳಿಸು. ‘ಮೋಹಕ’ ಒಂದೇ ಒಂದು ಸಲ ಇರಲಿ, ಬೇಡ ಅನ್ನಲ್ಲ.

ಇತಿ,
ನಿನ್ನ ಮೇಷ್ಟ್ರು