ನಡುವಿನ ಸಾಲು ಖಾಲಿ: ಶಾಲಾ ಗ್ರಂಥಾಲಯದ ಹೊಸ ಮಕ್ಕಳ ಪುಸ್ತಕಗಳಿಗಾಗಿ ಮನವಿ

ಊರ ಹತ್ತು ಸಮಸ್ತರಲ್ಲಿ, ಹಳೆ ವಿದ್ಯಾರ್ಥಿಗಳಲ್ಲಿ, ಪರವೂರಿನಲ್ಲಿರುವ ನಮ್ಮವರಲ್ಲಿ ಅರಿಕೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸೀಮೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕವೇ ಇಲ್ಲ ಎಂದಲ್ಲ. ಕಾದಂಬರಿ ಉಂಟು, ಹಳೆಯ ವಿಶೇಷಾಂಕ ಉಂಟು, ಮಹಾಪುರುಷರ ಚರಿತ್ರೆಯಂತೂ ಬೇಕಷ್ಟು ಉಂಟು. ಇಲ್ಲದ್ದು ಒಂದೇ: ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಕಾಲಿಟ್ಟ ಮಗು ಯಾರನ್ನೂ ಕೇಳದೆ ಕೊನೆಯ ಪುಟದವರೆಗೆ ತಾನೇ ಓದಿ ಮುಗಿಸುವಂಥ ಪುಸ್ತಕ. ಅಕ್ಷರಮಾಲೆಗೂ ಕಾದಂಬರಿಗೂ ನಡುವಿನ ಆ ಸಾಲು ಖಾಲಿಯಾಗಿದೆ.

ಗಡಿಯ ಈಚೆ ಇದರ ಪೆಟ್ಟು ಹೆಚ್ಚು. ಮನೆಮಾತು ತುಳು, ಹವ್ಯಕ, ಮರಾಟಿ, ಕೊಂಕಣಿ, ಬ್ಯಾರಿ, ಮಲಯಾಳ. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿ. ಮಂಗಳೂರಿನ ಮಗುವಿಗೆ ಬೋರ್ಡು ಓದಿಯೇ ಅರ್ಧ ಅಭ್ಯಾಸವಾಗುತ್ತದೆ. ಇಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದು ಪಠ್ಯಪುಸ್ತಕದಲ್ಲಿ ಮತ್ತು ಕರಿಹಲಗೆಯ ಮೇಲೆ. ಉಳಿದ ಅಭ್ಯಾಸವನ್ನು ಗ್ರಂಥಾಲಯವೇ ಮಾಡಿಸಬೇಕು.

ಹಾಗಾಗಿ ಎಂಥ ಪುಸ್ತಕ ತರುತ್ತೇವೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಪ್ರಥಮ್ ಬುಕ್ಸ್‌ನವರು ತಮ್ಮ ಪುಸ್ತಕಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲನೆಯದರಲ್ಲಿ 250 ಪದಗಳ ಒಳಗೆ ಕತೆ, ಬಂದ ಪದವೇ ಮತ್ತೆ ಮತ್ತೆ ಬರುತ್ತದೆ. ಎರಡನೆಯದು 600ರವರೆಗೆ, ಮೂರನೆಯದು 1,500ರವರೆಗೆ, ನಾಲ್ಕನೆಯದು ಅದಕ್ಕೂ ಮೇಲೆ. ಬೇರೆ ಪ್ರಕಾಶಕರ ಪುಸ್ತಕಗಳನ್ನೂ ಇದೇ ಅಳತೆಗೆ ಹಿಡಿದು ವಿಂಗಡಿಸಬಹುದು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಕನ್ನಡ ಪುಸ್ತಕಗಳು ಎರಡು, ಮೂರನೆಯ ಹಂತಕ್ಕೆ ಒದಗುತ್ತವೆ. ಯು.ಪಿ. (ಹಿರಿಯ ಪ್ರಾಥಮಿಕ) ತರಗತಿಗಳಿಗೆ ನವಕರ್ನಾಟಕ ಪ್ರಕಾಶನದ ವಿಜ್ಞಾನ ಪುಸ್ತಕಗಳು ಬೇಕು.

ಪದಗಳ ಲೆಕ್ಕ ಮಾತ್ರ ಸಾಲದು, ಕನ್ನಡದಲ್ಲಂತೂ ಸಾಲದು. "ಹೋಗಬೇಕಾಗಿರಲಿಲ್ಲವಾದರೂ" ಎಂಬುದು ಲೆಕ್ಕಕ್ಕೆ ಒಂದೇ ಪದ, ಎರಡನೆಯ ತರಗತಿಯವನಿಗೆ ಅದೊಂದು ಗುಡ್ಡ. ಅಚ್ಚು 12 ಪಾಯಿಂಟಿನದ್ದಾದರೆ ಕೆಳಗಿನ ಒತ್ತು ಸಾಸಿವೆಯಷ್ಟಾಗುತ್ತದೆ, "ತ್ನ" ಯಾವುದು "ತ್ಮ" ಯಾವುದು ಎಂದು ತಿಳಿಯುವುದಿಲ್ಲ. ಚಿಕ್ಕವರಿಗೆ 18 ಪಾಯಿಂಟಾದರೂ ಬೇಕು. ಇನ್ನೊಂದು ದೋಷ ಪುಸ್ತಕ ಬಿಡಿಸಿ ನೋಡದೆ ಸಿಗುವುದಿಲ್ಲ. ಅಗ್ಗದ ಮುದ್ರಣದಲ್ಲಿ ಪದ ಗೆರೆಯ ಕೊನೆಗೆ ಎಲ್ಲೆಂದರಲ್ಲಿ ತುಂಡಾಗಿ "ಓಡು" ಮೇಲೆ, "ತ್ತಿದ್ದ" ಕೆಳಗೆ ಬೀಳುತ್ತದೆ. ಮಗು "ಓಡು" ಎಂದು ಓದಿ ನಿಲ್ಲಿಸುತ್ತದೆ. ಅಂಥ ಪುಸ್ತಕ ಎಷ್ಟೇ ಚಂದದ ಚಿತ್ರವಿದ್ದರೂ ಬೇಡ.

ಆದ್ದರಿಂದ ಪಟ್ಟಿ ನೋಡಿ ತರಿಸುವುದಕ್ಕಿಂತ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ, ಕೈಯಲ್ಲಿ ಹಿಡಿದು, ನಡುವಿನ ಪುಟ ತೆರೆದು ನೋಡಿ ಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಪ್ರಥಮ್ ಬುಕ್ಸ್‌ನವರದೇ ಜಾಲತಾಣ ಸ್ಟೋರಿವೀವರ್‌ನಲ್ಲಿ ಕತೆಗಳು ಉಚಿತವಾಗಿ ಸಿಗುತ್ತವಲ್ಲ, ಅಚ್ಚು ಹಾಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಪುಟಕ್ಕೆ 10 ರೂ. ಹಿಡಿದರೂ 16 ಬಣ್ಣದ ಪುಟಕ್ಕೆ 160 ರೂ. ಆಯಿತು. ಅಂಗಡಿಯ ಪುಸ್ತಕವೇ ಅಗ್ಗ. ಒಂದೇ ಕತೆಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಅಕ್ಕಪಕ್ಕ ಇಟ್ಟು ಓದಿಸಲು ಮಾತ್ರ ಅದನ್ನು ಬಳಸುತ್ತೇವೆ.

ಮೊದಲ ಎರಡು ಹಂತದಲ್ಲಿ 50 ಪುಸ್ತಕ, ತಲಾ ಮೂರು ಪ್ರತಿ. ಮೂರನೆಯದರಲ್ಲಿ 50, ತಲಾ ಎರಡು. ನಾಲ್ಕನೆಯ ಹಂತ ಮತ್ತು ವಿಜ್ಞಾನ ಸೇರಿ 40, ಒಂದೊಂದೇ ಪ್ರತಿ. ಒಟ್ಟು 290 ಪ್ರತಿ. ಚಿಕ್ಕವರಿಗೆ ಮೂರು ಏಕೆಂದರೆ, ಒಬ್ಬ ಓದಿ ನಕ್ಕ ಪುಸ್ತಕ ಪಕ್ಕದವನಿಗೆ ಅದೇ ದಿನ ಬೇಕು. ಇರುವ ಒಂದು ಪ್ರತಿ ಮನೆಗೆ ಹೋದರೆ ಮುಂದಿನ ವಾರ ಅವನ ಆಸೆಯೇ ಆರಿರುತ್ತದೆ.

ಹೊಸ ಪುಸ್ತಕ ಬಂದದ್ದು ಮಕ್ಕಳಿಗೆ ತಿಳಿಯುವುದು ಮುಖಪುಟ ಕಂಡರೆ ಮಾತ್ರ. 24 ಪುಟದ ಪುಸ್ತಕವನ್ನು ಕಪಾಟಿನಲ್ಲಿ ನಿಲ್ಲಿಸಿದರೆ ಕಾಣುವುದು ಎರಡು ಮಿಲಿಮೀಟರಿನ ಬೆನ್ನು, ಅದರಲ್ಲಿ ಹೆಸರೂ ಇಲ್ಲ. ಅದಕ್ಕೆ ಗೋಡೆಯ ಉದ್ದಕ್ಕೆ ಅಡಕೆ ಮರದ ಸಲಕೆಯ ಪಟ್ಟಿ ಹೊಡೆಯುತ್ತೇವೆ: ನಾಲ್ಕು ಸೆಂ.ಮೀ. ಅಗಲದ ತಳ, ಎದುರಿಗೆ ಒಂದು ತಡೆ, ಮೂರನೆಯ ತರಗತಿಯವರ ಕಣ್ಣಿನ ಮಟ್ಟಕ್ಕೆ. ಸಲಕೆ ಹೆತ್ತವರ ತೋಟದಿಂದಲೇ ಬರುತ್ತದೆ, ಅದಕ್ಕೆ ದುಡ್ಡು ಕೇಳುವುದಿಲ್ಲ.

ಇನ್ನು ಮಳೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುವ ಊರಿನಲ್ಲಿ ಪುಸ್ತಕಕ್ಕೆ ಶತ್ರು ಮಕ್ಕಳಲ್ಲ, ಜೂನಿನಿಂದ ಸೆಪ್ಟೆಂಬರಿನ ತೇವ. ಮುರಕಲ್ಲಿನ ಗೋಡೆ ನೀರು ಹೀರುತ್ತದೆ. ಕಪಾಟನ್ನು ಅದಕ್ಕೆ ಒತ್ತಿ ಇಟ್ಟರೆ ಹಿಂದಿನ ಸಾಲಿಗೆ ಬೂಷ್ಟು ಗ್ಯಾರಂಟಿ. ಗೋಡೆಯಿಂದ ಒಂದು ಗೇಣು ದೂರ, ಗಾಳಿಮಳೆ ಬಡಿಯುವ ಪಡು ಗೋಡೆ ಬಿಟ್ಟು ಬೇರೆ ಕಡೆ, ಪುಸ್ತಕಗಳ ನಡುವೆ ಬೆರಳು ತೂರುವಷ್ಟು ಸಡಿಲ, ಹೊಳವಾದ ದಿನ ನೆರಳಲ್ಲಿ ಬಿಡಿಸಿಡುವುದು (ಬಿಸಿಲಿನಲ್ಲಿ ಅಲ್ಲ, ರಟ್ಟು ಡೊಂಕಾಗುತ್ತದೆ). ಮರದ ಕಪಾಟು ಕೊಡುತ್ತೇವೆ ಎಂದವರಿಗೆ ಕೈಮುಗಿದು ಬೇಡ ಎಂದಿದ್ದೇವೆ, ಗೆದ್ದಲಿಗೆ ಅದು ಹಬ್ಬದೂಟ.

ತೆಳು ಪುಸ್ತಕದ ನಡುವೆ ಹೊಡೆದ ಪಿನ್ನು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕು ಕಾಗದವನ್ನು ತಿನ್ನುತ್ತದೆ, ನಡುವಿನ ಹಾಳೆ ಕಳಚಿ ಬೀಳುತ್ತದೆ. ಆದ್ದರಿಂದ ಹೊಸ ಪುಸ್ತಕವನ್ನೇ ಪಿನ್ನು ಕಿತ್ತು ನೂಲಿನಿಂದ ಹೊಲಿಯುತ್ತೇವೆ. ನಡುಪುಟ ತೆರೆದು, ಮಡಿಕೆಯ ಮೇಲೆ ಮೂರು ತೂತು. ಮೇಣ ಸವರಿದ ಹತ್ತಿ ನೂಲು ನಡುವಿನ ತೂತಿನಿಂದ ಹೊರಗೆ, ಮೇಲಿನದರಿಂದ ಒಳಗೆ, ಒಳಗಿನಿಂದಲೇ ಉದ್ದಕ್ಕೆ ಇಳಿದು ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನಿಂದ ಒಳಗೆ. ಎರಡು ತುದಿಯೂ ಆ ಉದ್ದ ನೂಲಿನ ಆಚೆ ಒಂದು, ಈಚೆ ಒಂದು ಇರುವಂತೆ ಬಿಗಿದು ಗಂಟು. ನೂಲನ್ನು ಮಡಿಕೆಯ ಜಾಡಿನಲ್ಲೇ ಎಳೆಯಬೇಕು, ಅಡ್ಡ ಎಳೆದರೆ ತೂತು ಹರಿಯುತ್ತದೆ.

ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚುವುದಿಲ್ಲ. ಹಳದಿಯಾಗಿ ಅಂಟು ಕಾರಿ ಎರಡು ಪುಟ ಒಂದಾಗುತ್ತದೆ. ಮೈದಾ ಅಂಟಿಗೆ ಜಿರಳೆ ಬರುತ್ತದೆ. ಹಿಂದಿನ ಬೈಂಡರುಗಳು ಅದಕ್ಕೆ ಮೈಲುತುತ್ತು ಬೆರೆಸುತ್ತಿದ್ದರು, ಆದರೆ ಅಡಕೆಗೆ ಹೊಡೆಯುವ ಮದ್ದನ್ನು ಮಕ್ಕಳ ಕೈಗೆ ಕೊಡಲಾಗದು. ತೆಳು ಕಾಗದ ಮತ್ತು ನೀರು ಬೆರೆಸಿದ ಫೆವಿಕಾಲ್ ಸಾಕು. ನುಸಿಗುಳಿಗೆಯೂ ಬೇಡ.

ಬೇಕಾದ ಮೊತ್ತ ಹೀಗೆ: ಪ್ರತಿಯೊಂದಕ್ಕೆ ಸರಾಸರಿ 90 ರೂ.ನಂತೆ ಪುಸ್ತಕಕ್ಕೆ 26,100, ಒಂದು ಕಬ್ಬಿಣದ ಕಪಾಟಿಗೆ 14,000, ನೂಲು, ಸೂಜಿ, ಮೇಣ, ಅಂಟಿಗೆ 1,200, ರಿಜಿಸ್ಟರು ಮತ್ತು ಮೊಹರಿಗೆ 700. ಒಟ್ಟು 42,000 ರೂ. 270 ರೂ. ಕೊಟ್ಟವರದ್ದು ಒಂದು ಪುಸ್ತಕದ ಮೂರು ಪ್ರತಿ. ದಾನಿಯ ಹೆಸರು ರಟ್ಟಿನ ಒಳಬದಿಯಲ್ಲಿ ಇರುತ್ತದೆ. ಟ್ಯೂಬ್‌ಲೈಟಿನ ಮೇಲೆ ಬರೆದಂತೆ ಚಿತ್ರದ ಮೇಲೆ ಬರೆಯುವುದಿಲ್ಲ.

ಮನೆಯಲ್ಲಿರುವ ಹಳೆ ಪಠ್ಯ, ಗೈಡು, ವಾರಪತ್ರಿಕೆ ದಯವಿಟ್ಟು ಬೇಡ. ಕರ್ನಾಟಕದ ಪಠ್ಯ ಇಲ್ಲಿಯ ಪಾಠಕ್ಕೆ ಹೊಂದುವುದಿಲ್ಲ, ಜಾಗವಷ್ಟೇ ತಿನ್ನುತ್ತದೆ.

ಗಲ್ಫಿನಲ್ಲಿರುವವರ ಗಮನಕ್ಕೆ: ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಓ.ಸಿ.ಐ. (ಸಾಗರೋತ್ತರ ಭಾರತೀಯ ಪೌರ) ಕಾರ್ಡಿದ್ದರೂ, ವಿದೇಶಿ ದೇಣಿಗೆಯೇ. ನಮಗೆ ವಿದೇಶಿ ದೇಣಿಗೆ ಪಡೆಯುವ ನೋಂದಣಿ ಇಲ್ಲದ್ದರಿಂದ ತೆಗೆದುಕೊಳ್ಳಲಾಗದು. ಅಂಥವರು ಊರಿನ ಸಂಬಂಧಿಕರ ಖಾತೆಗೆ ಹಾಕಿ ದಾಟಿಸುವುದೂ ಬೇಡ.

ಹಣ ಮೇ 15ರ ಒಳಗೆ ಶಾಲಾ ಕಚೇರಿಯಲ್ಲಿ ಸಂದಾಯವಾದರೆ ಕೇರಳದ ಶಾಲೆಗಳು ಆಚರಿಸುವ ಜೂನ್ 19ರ ವಾಚನಾ ದಿನಕ್ಕೆ ಪುಸ್ತಕ ಮಕ್ಕಳ ಕೈಗೆ ಸಿಗುತ್ತದೆ. ರಶೀದಿ ಅಲ್ಲಿಯೇ ಕೊಡುತ್ತೇವೆ, ಕೊಂಡ ಪುಸ್ತಕಗಳ ಪಟ್ಟಿ ಬಿಲ್ಲಿನ ಸಮೇತ ನೋಟೀಸು ಬೋರ್ಡಿನಲ್ಲಿ ಇರುತ್ತದೆ. ಮೊಹರು, ನಂಬರು, ಹೊಲಿಗೆ ಸೇರಿ ಪುಸ್ತಕಕ್ಕೆ ಹತ್ತು ನಿಮಿಷ; 290ಕ್ಕೆ ಎಂಟು ಜನ ಕೂತರೆ ಆರು ಗಂಟೆಯ ಕೆಲಸ. ಶಾಲೆ ಸುರುವಾಗುವ ಮೊದಲಿನ ಭಾನುವಾರ ಕೂರುತ್ತೇವೆ. ದುಡ್ಡು ಕೊಡಲಾಗದವರು ಬನ್ನಿ. ಸೂಜಿ, ನೂಲು ಇಲ್ಲಿ ಇರುತ್ತದೆ, ನಿಮ್ಮ ಕನ್ನಡಕ ಮಾತ್ರ ಮರೆಯಬೇಡಿ.

ಗ್ರಂಥಾಲಯ ಸಮಿತಿ ಮತ್ತು ರಕ್ಷಕ-ಶಿಕ್ಷಕ ಸಂಘ