ಕಿಟೆಲ್ ಹುಟ್ಟಿದ ಊರು: ಎಂಟನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕ ಬಂಧುಗಳಿಗೆ ಸಾದರ ನಮಸ್ಕಾರಗಳು.

ಕಳೆದ ಆರು ವಾರಗಳಿಂದ ನಮ್ಮ ಶಾಲೆಯ ಎಂಟನೇ ತರಗತಿಯ ಮಕ್ಕಳು ಸಮಾಜ ವಿಜ್ಞಾನ ಮತ್ತು ಕನ್ನಡದ ಅವಧಿಗಳಲ್ಲಿ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯನ್ನು ಅಭ್ಯಾಸ ಮಾಡುತ್ತಿದ್ದಾರೆ. ಪಠ್ಯಪುಸ್ತಕದಲ್ಲಿಲ್ಲದ, ಪರೀಕ್ಷೆಗೂ ಬಾರದ ಊರಿನ ಪಾಠ ನಮ್ಮ ಮಕ್ಕಳಿಗೆ ಏಕೆ ಎಂದು ತಮ್ಮಲ್ಲಿ ಕೆಲವರು ಹಿಂದಿನ ಸಭೆಯಲ್ಲಿ ಕೇಳಿದ್ದೀರಿ. ಅದು ನ್ಯಾಯವಾದ ಪ್ರಶ್ನೆ. ಅಂದು ಸಮಯ ಸಾಲದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಧಾರವಾಡ ಸೀಮೆಯಲ್ಲಿ ಕಿಟೆಲ್ ಹೆಸರು ಕೇಳದವರಿಲ್ಲ. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರತಂದ ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಅವರು 1832ರ ಏಪ್ರಿಲ್‌ನಲ್ಲಿ ಹುಟ್ಟಿದ್ದು ಇದೇ ರೆಸ್ಟರ್‌ಹಾಫೆಯಲ್ಲಿ. ನಿಘಂಟನ್ನು ನಾವು ದಿನವೂ ತೆರೆಯುತ್ತೇವೆ, ಅದನ್ನು ಕೊಟ್ಟವರನ್ನು ಹಡೆದ ಊರಿನ ಮಣ್ಣು ಎಂಥದು, ನೀರು ಎಂಥದು ಎಂದು ಒಮ್ಮೆಯೂ ವಿಚಾರಿಸಿಲ್ಲ. ಈ ಅಭ್ಯಾಸ ಹುಟ್ಟಿದ್ದು ಆ ಕೊರಗಿನಿಂದ.

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ಅಂಚಿಗೆ, ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ತಗ್ಗು ನಾಡು ಇದೆ. ಇಂದು ಅದು ಲೋವರ್ ಸ್ಯಾಕ್ಸನಿ ರಾಜ್ಯಕ್ಕೆ ಸೇರಿದೆ. ಅಲ್ಲಿಯ ಔರಿಕ್ ಜಿಲ್ಲೆಯ ಡೋರ್ನುಮ್ ಪಂಚಾಯಿತಿಯೊಳಗೆ, ಕಡಲಿನಿಂದ ಕೆಲವೇ ಕಿಲೋಮೀಟರ್ ಒಳಗೆ ರೆಸ್ಟರ್‌ಹಾಫೆ ಇದೆ. ಗುಡ್ಡವೆಂಬುದು ಕಣ್ಣಿಗೆ ಬೀಳದ ಸಮತಟ್ಟು ನೆಲ. ಬೇಸಿಗೆಯಲ್ಲಿ ಹಗಲು ಸುಮಾರು ಹದಿನೇಳು ಗಂಟೆಯಷ್ಟು ಉದ್ದ, ಚಳಿಗಾಲದಲ್ಲಿ ಎಂಟು ಗಂಟೆಯೂ ಇಲ್ಲ. ಆ ನಾಡಿನ ನೆಲದಲ್ಲಿ ಮೂರು ಬಗೆ: ಕಡಲು ತಂದು ಹಾಸಿದ ಫಲವತ್ತಾದ ಜೇಡಿ ನೆಲ, ಅದರ ಹಿಂದೆ ಸ್ವಲ್ಪ ಎತ್ತರದ ಮರಳು ನೆಲ, ನಡುನಡುವೆ ಜೌಗು. ಜೇಡಿ ನೆಲದಲ್ಲಿ ದನಗಳ ಹುಲ್ಲುಗಾವಲು ಮತ್ತು ಬೆಳೆ. ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತು ಪದರಗಟ್ಟಿದ ಸಸ್ಯಗಳ ಮಣ್ಣನ್ನು ಜನ ಇಟ್ಟಿಗೆಯಂತೆ ಕಡಿದು, ಒಣಗಿಸಿ, ಒಲೆಗೆ ಉರುವಲಾಗಿ ಬಳಸುತ್ತಿದ್ದರು.

ಮಕ್ಕಳ ಮನಸ್ಸನ್ನು ಹೆಚ್ಚು ಹಿಡಿದದ್ದು ನೀರಿನ ಸಂಗತಿ. ಉತ್ತರ ಸಮುದ್ರವು ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಇಳಿದಾಗ ಮೈಲಿಗಟ್ಟಲೆ ಕೆಸರು ಬಯಲು ತೆರೆದುಕೊಳ್ಳುತ್ತದೆ. ವಾಡನ್ ಸಮುದ್ರ ಎನಿಸಿಕೊಳ್ಳುವ ಈ ಬಯಲು 2009ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹತ್ತಿರದ ನೆಸ್ಮರ್‌ಜೀಲ್ ಬಂದರಿನಿಂದ ಬಾಲ್ಟ್ರುಮ್ ದ್ವೀಪಕ್ಕೆ ಹೋಗುವ ದೋಣಿಯ ವೇಳಾಪಟ್ಟಿ ಇಂದಿಗೂ ಉಬ್ಬರ ಇಳಿತಕ್ಕೆ ತಕ್ಕಂತೆ ದಿನದಿನವೂ ಬದಲಾಗುತ್ತದೆ. ಊರ ಹೆಸರಿನ ಕೊನೆಯ ‘ಜೀಲ್’ ಎಂದರೆ ನಮ್ಮ ಕೆರೆಯ ತೂಬಿನಂಥದು: ಕಡಲನ್ನು ತಡೆಯಲು ಕಟ್ಟಿದ ಒಡ್ಡಿನ ಒಳಗಿನ ಮಳೆನೀರನ್ನು ಇಳಿತದ ವೇಳೆಯಲ್ಲಿ ಕಡಲಿಗೆ ಬಿಟ್ಟು, ಉಬ್ಬರದ ವೇಳೆಯಲ್ಲಿ ಮುಚ್ಚಿಕೊಳ್ಳುವ ಬಾಗಿಲು. ನಮ್ಮ ತೂಬು ನೀರನ್ನು ಕಾಯ್ದು ಕೊಡುತ್ತದೆ, ಅವರದು ನೀರನ್ನು ಹೊರಗಿಡುತ್ತದೆ ಎಂದು ಒಬ್ಬ ಹುಡುಗಿ ತಾನಾಗಿಯೇ ಹೇಳಿದಾಗ ನನಗಾದ ಸಂತೋಷವನ್ನು ತಮ್ಮೊಂದಿಗೆ ಹಂಚಿಕೊಳ್ಳಲೇಬೇಕು.

ಒಡ್ಡು ಕಟ್ಟುವ ಮೊದಲು ಆ ಜನ ಮಣ್ಣು ಸುರಿದು ದಿಬ್ಬ ಎಬ್ಬಿಸಿ, ಅದರ ಮೇಲೆ ಮನೆ, ಕೊಟ್ಟಿಗೆ, ಇಗರ್ಜಿಗಳನ್ನು ಕಟ್ಟಿಕೊಂಡರು. ಸುಮಾರು ಸಾವಿರ ವರ್ಷಗಳಿಂದೀಚೆಗೆ ಒಡ್ಡುಗಳು ಬಂದವು, ಬರುಬರುತ್ತಾ ಒಂದಕ್ಕೊಂದು ಕೂಡಿ ಕರಾವಳಿಯುದ್ದಕ್ಕೂ ಹಬ್ಬಿದವು. ಒಡ್ಡಿನ ಇಂತಿಷ್ಟು ಭಾಗವನ್ನು ಇಂಥ ರೈತನೇ ನೋಡಿಕೊಳ್ಳಬೇಕೆಂಬ ಕಟ್ಟುನಿಟ್ಟಾದ ಕಟ್ಟಳೆ ಇತ್ತು. ಕೈಲಾಗದವನು ತನ್ನ ಸಲಿಕೆಯನ್ನು ಒಡ್ಡಿನಲ್ಲಿ ನೆಟ್ಟು ಹೋಗಬೇಕಿತ್ತು. ಆ ಸಲಿಕೆಯನ್ನು ಕಿತ್ತುಕೊಂಡವನಿಗೆ ಅವನ ಹೊಲವೂ ಸಲ್ಲುತ್ತಿತ್ತು, ಒಡ್ಡಿನ ಹೊಣೆಯೂ ಸಲ್ಲುತ್ತಿತ್ತು. ಇಷ್ಟಾದರೂ ಕಡಲು ಗೆದ್ದ ರಾತ್ರಿಗಳಿವೆ. 1717ರ ಡಿಸೆಂಬರ್ 24ರ ರಾತ್ರಿ, ಕ್ರಿಸ್ಮಸ್ ಹಬ್ಬಕ್ಕೆಂದು ಜನ ಮಲಗಿದ್ದಾಗ ಒಡ್ಡುಗಳು ಒಡೆದು, ನೆದರ್‌ಲ್ಯಾಂಡ್ಸ್‌ನಿಂದ ಡೆನ್ಮಾರ್ಕ್‌ವರೆಗಿನ ಕರಾವಳಿಯಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಪೂರ್ವ ಫ್ರೀಸ್‌ಲ್ಯಾಂಡಿನಲ್ಲೇ ಸತ್ತವರು ಸಾವಿರಾರು. ಕಿಟೆಲ್ ಹುಟ್ಟುವುದಕ್ಕೆ ಕೇವಲ 115 ವರ್ಷ ಹಿಂದಿನ ಮಾತು ಇದು.

ರಾಜಕೀಯ ಚರಿತ್ರೆಯನ್ನು ಚುಟುಕಾಗಿ ಹೇಳುವೆ. ಯುರೋಪಿನ ಬಹುಭಾಗ ಜಹಗೀರುದಾರರ ಕೈಯಲ್ಲಿದ್ದ ಕಾಲದಲ್ಲಿ ಫ್ರೀಸಿಯನ್ ಜನ ಒಡೆಯರಿಲ್ಲದೆ ಬದುಕಿದರು. ಅವರ ಪ್ರತಿನಿಧಿಗಳು ಔರಿಕ್ ಬಳಿಯ ಉಪ್‌ಸ್ಟಾಲ್ಸ್‌ಬೂಮ್ ಎಂಬಲ್ಲಿ ಸಭೆ ಸೇರುತ್ತಿದ್ದರು. ಹದಿನಾಲ್ಕನೇ ಶತಮಾನದಿಂದ ಊರಿನ ನಾಯಕರು ಬಲಿತು ಕೋಟೆ ಕಟ್ಟಿದರು. ಡೋರ್ನುಮ್‌ನಲ್ಲಿ ಕಂದಕ ಸುತ್ತಿದ ಕೋಟೆಮನೆ ಈಗಲೂ ಇದೆ. 1464ರಲ್ಲಿ ನಾಡು ಕೌಂಟ್ ಎಂಬ ಬಿರುದಿನ ಒಬ್ಬ ಒಡೆಯನ ಆಡಳಿತಕ್ಕೆ, 1744ರಲ್ಲಿ ಪ್ರಶ್ಯ ಎಂಬ ಜರ್ಮನ್ ರಾಜ್ಯಕ್ಕೆ, ನೆಪೋಲಿಯನ್ ಕಾಲದಲ್ಲಿ ಹಾಲೆಂಡ್ ಮತ್ತು ಫ್ರಾನ್ಸ್‌ಗೆ, 1815ರಲ್ಲಿ ಹ್ಯಾನೋವರ್ ರಾಜ್ಯಕ್ಕೆ ಸೇರಿತು. ಕಿಟೆಲ್ ಹುಟ್ಟಿದಾಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ ಎಂಬುದು ಮಕ್ಕಳಿಗೆ ಬಹಳ ಅಚ್ಚರಿ ತಂದಿತು.

ಹತ್ತಿರದ ಡೋರ್ನುಮ್‌ನಲ್ಲಿ 1841ರಲ್ಲಿ ಕಟ್ಟಿದ ಯಹೂದಿ ಪ್ರಾರ್ಥನಾ ಮಂದಿರವಿದೆ. 1938ರ ನವೆಂಬರ್‌ನಲ್ಲಿ ನಾಜಿಗಳು ದೇಶದ ತುಂಬ ಇಂಥ ಮಂದಿರಗಳಿಗೆ ಬೆಂಕಿ ಇಡುವ ಮೊದಲೇ ಅದು ಬಡಗಿಯೊಬ್ಬರಿಗೆ ಮಾರಾಟವಾಗಿದ್ದರಿಂದ ಉಳಿಯಿತು, ಅಲ್ಲಿ ಪ್ರಾರ್ಥಿಸುತ್ತಿದ್ದ ಸಮುದಾಯ ಉಳಿಯಲಿಲ್ಲ. ಇದನ್ನೂ ಮಕ್ಕಳಿಗೆ ಹೇಳಿದ್ದೇವೆ, ಅವರ ವಯಸ್ಸಿಗೆ ತಕ್ಕ ಮಾತಿನಲ್ಲಿ. ಊರಿನ ಚರಿತ್ರೆ ಓದುವಾಗ ಒಳ್ಳೆಯದನ್ನಷ್ಟೇ ಆರಿಸಿಕೊಳ್ಳುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಪಾದ್ರಿಯ ಮಗನಾದ ಕಿಟೆಲ್ ಔರಿಕ್‌ನಲ್ಲಿ ಓದಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಿಶನರಿ ತರಬೇತಿ ಪಡೆದು, 1853ರಲ್ಲಿ, ತಮ್ಮ ಇಪ್ಪತ್ತೊಂದರ ಹರೆಯದಲ್ಲಿ ನಮ್ಮ ನಾಡಿಗೆ ಬಂದರು. ಅವರ ಹುಟ್ಟೂರಿನ ಸೀಮೆಯ ಮನೆಮಾತು ಪುಸ್ತಕದ ಜರ್ಮನ್ ಅಲ್ಲ, ಪ್ಲಾಟ್ ಎಂಬ ತಗ್ಗುನಾಡಿನ ಆಡುನುಡಿ. ಅದಕ್ಕೂ ಹಿಂದೆ ಅಲ್ಲಿದ್ದ ಫ್ರೀಸಿಯನ್ ಭಾಷೆ ಆ ಹೊತ್ತಿಗಾಗಲೇ ಬಹುತೇಕ ಮರೆಯಾಗಿತ್ತು. ಇಲ್ಲಿ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು, ಹಳಗನ್ನಡದ ಜೊತೆಗೆ ಗಾದೆಗಳನ್ನೂ ಆಡುಮಾತನ್ನೂ ನಿಘಂಟಿಗೆ ತಂದರು. 1903ರಲ್ಲಿ ದಕ್ಷಿಣ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳು ಒಡ್ಡು, ದಿಬ್ಬ ಮತ್ತು ತೂಬುಗಳ ಮಣ್ಣಿನ ಮಾದರಿಯನ್ನು ಶಾಲೆಯ ಅಂಗಳದಲ್ಲಿ ನೀರು ಹರಿಸಿ ತೋರಿಸಲಿದ್ದಾರೆ. ತಾವು ತಪ್ಪದೆ ಬರಬೇಕು, ಮನೆಯ ಹಿರಿಯರನ್ನೂ ಕರೆತರಬೇಕು. ಕೆರೆ, ಬಾವಿ, ಹೊಲದ ಒಡ್ಡು, ಮಣ್ಣಿನ ಬಗೆಗಳಿಗೆ ತಮ್ಮ ಮನೆಯಲ್ಲಿ ಬಳಸುವ ಹಳೆಯ ಪದಗಳನ್ನು ಮಕ್ಕಳ ಕೈಯಲ್ಲಿ ಬರೆಸಿ ಕಳುಹಿಸಿದರೆ, ಅವು ಕಿಟೆಲ್ ನಿಘಂಟಿನಲ್ಲಿ ಇವೆಯೇ ಎಂದು ಅಂದೇ ಎಲ್ಲರೂ ಕೂಡಿ ಹುಡುಕೋಣ. ಇಲ್ಲದ ಪದಗಳನ್ನು ಬರೆದಿಡಲು ಬೇರೊಂದು ವಹಿ ಸಿದ್ಧಪಡಿಸಿದ್ದೇವೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು