ಗೆಳೆಯಾ, ನಿನ್ನ ಕಾರ್ಡಿನ ಕಟ್ಟು ತಲುಪಿತು

ಪ್ರೀತಿಯ ಗೆಳೆಯಾ,

ಕಾಗದ ಕತ್ತರಿಸಿ ಅಂಟಿಸಿ ನೀನು ಮಾಡಿದ ಟ್ಯಾರೋ ಕಟ್ಟು, ಅದೇ ಭವಿಷ್ಯ ಹೇಳಲು ಬಳಸುವ ಚಿತ್ರದ ಕಾರ್ಡುಗಳು, ಕೈಸೇರಿ ನಾಲ್ಕು ದಿನ ಆಯ್ತು. ತಡವಾಯ್ತು ಅಂತ ಬೇಜಾರು ಮಾಡ್ಕೋಬೇಡ. 78 ಕಾರ್ಡನ್ನೂ ಒಂದೊಂದಾಗಿ ನೋಡದೆ ನಿನಗೆ ಬರೆಯಲು ಮನಸ್ಸಾಗಲಿಲ್ಲ.

ಮೊದಲು ಹರ್ಮಿಟ್, ಅಂದರೆ ಒಂಟಿ ಸನ್ಯಾಸಿಯ ಕಾರ್ಡಿನ ಬಗ್ಗೆ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಆ ಮುದುಕನ ಕೈಯಲ್ಲಿ ಲಾಟೀನು ಇರುತ್ತದೆ. ನೀನು ಲಾಟೀನನ್ನೇ ಬ್ಲೇಡಿನಿಂದ ಕತ್ತರಿಸಿ ತೆಗೆದುಬಿಟ್ಟಿದ್ದೀಯ. ಅದರ ಆಕಾರದ ತೂತು, ತೂತಿನ ಹಿಂದೆ ಹಳದಿ ಕಾಗದ, ಆ ಕಾಗದದಲ್ಲಿ ಮಾಸಿದ ಕೈಬರಹದ ಎರಡೇ ಎರಡು ಅಕ್ಷರ. ಯಾವುದೋ ಹಳೆಯ ಪತ್ರದ ತುಂಡು ಅಲ್ವಾ? ಬೆರಳಿಂದ ಸವರಿದರೆ ಕತ್ತರಿಸಿದ ಅಂಚು ತಾಗುತ್ತದೆ. ಎಷ್ಟು ಹೊತ್ತು ಅದನ್ನೇ ಹಿಡಿದು ಕೂತಿದ್ದೆನೋ ಗೊತ್ತಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಪ್ರಿಂಟ್ ಹಾಕಿಸುವ ಮೊದಲು ಕಂಪ್ಯೂಟರಿನಲ್ಲಿ ಅಂಚುಗಳನ್ನು ನಯ ಮಾಡುತ್ತೇನೆ ಅಂದಿದ್ದೆಯಲ್ಲ, ದಯವಿಟ್ಟು ಮಾಡಬೇಡ ಕಣೋ. 1912ರಲ್ಲಿ ಪಿಕಾಸೊ ತನ್ನ ಚಿತ್ರಕ್ಕೆ ಒಂದು ತುಂಡು ಬಟ್ಟೆ ಅಂಟಿಸಿದ, ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಬಟ್ಟೆ. ಅದು ಕುರ್ಚಿಯೂ ಹೌದು, ಅಂಟಿಸಿದ ಬಟ್ಟೆಯೂ ಹೌದು. ಎರಡೂ ಒಟ್ಟಿಗೆ ಕಾಣುವುದರಲ್ಲೇ ಕೊಲಾಜಿನ, ಅಂದರೆ ಹೀಗೆ ಅಂಟಿಸಿ ಮಾಡುವ ಚಿತ್ರದ ಖುಷಿ ಇರೋದು. ಅಂಚು ಮಾಯವಾದರೆ ನಿನ್ನ ಹರ್ಮಿಟ್‌ನ ಕೈಯಲ್ಲಿ ಬರೀ ಲಾಟೀನು ಉಳಿಯುತ್ತದೆ, ಪತ್ರ ಹೋಗಿಬಿಡುತ್ತದೆ.

'ಇದು ಟ್ಯಾರೋನೇ ಅಲ್ಲ ಅಂತ ಜನ ಹೇಳಿದರೆ?' ಅಂತ ಕೇಳಿದ್ದೀಯ. ಹೇಳಲಿ ಬಿಡು. 15ನೇ ಶತಮಾನದ ಇಟಲಿಯಲ್ಲಿ ಇದು ಇಸ್ಪೀಟಿನ ಹಾಗೆ ಒಂದು ಆಟ, ಅಷ್ಟೇ. ಭವಿಷ್ಯ ಹೇಳಲು ಇದನ್ನು ಬಳಸುವುದು ಜೋರಾಗಿದ್ದು 18ನೇ ಶತಮಾನದ ಕೊನೆಗೆ, ಫ್ರಾನ್ಸಿನಲ್ಲಿ. ಎಕ್ಕದಿಂದ ಹತ್ತರವರೆಗಿನ ಸಣ್ಣ ಕಾರ್ಡುಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಎಣಿಕೆಗೆ ತಕ್ಕಷ್ಟು ಬಟ್ಟಲು, ಕತ್ತಿ, ಕೋಲು, ನಾಣ್ಯ. 1909ರಲ್ಲಿ ಲಂಡನ್ನಿನಲ್ಲಿ ಬಂದ ಟ್ಯಾರೋ ಕಟ್ಟಿಗೆ ಚಿತ್ರಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಒಂದೊಂದಕ್ಕೂ ದೃಶ್ಯ ಬರೆದಳು, ಈಗ ಎಲ್ಲರೂ ಹಳೆಯದು ಅಂದುಕೊಂಡಿರುವುದು ಅದನ್ನೇ. ಆಮೇಲೆ ಚಿತ್ರಕಾರ ಡಾಲಿ ತನ್ನ ಕಟ್ಟಿನ ಮೆಜಿಶಿಯನ್ (ಜಾದೂಗಾರ) ಕಾರ್ಡಿನಲ್ಲಿ ತನ್ನ ಮುಖವನ್ನೇ ಇಟ್ಟ. ವಾಯೇಜರ್ ಅನ್ನೋ ಕೊಲಾಜ್ ಕಟ್ಟಿನಲ್ಲಿ ಕತ್ತಿಗಳು ಹರಳುಗಳಾದವು. ನಿನ್ನ ಕತ್ತಿಗಳು ಕತ್ತರಿಗಳಾದರೆ ಏನು ತಪ್ಪು?

ಈಗ ಕಾರ್ಡುಗಳ ಅರ್ಥ ಹೇಳಲು ನೀನು ಬರೆದಿರುವ ಪುಸ್ತಕದ ವಿಷಯ. ಇದು ನನಗೆ ಪೂರ್ತಿ ಹಿಡಿಸಲಿಲ್ಲ, ಕಾರ್ಡುಗಳ ಮೇಲೆ ಇಷ್ಟು ಪ್ರೀತಿ ಬಂದದ್ದರಿಂದಲೇ ಹೇಳುತ್ತಿದ್ದೇನೆ. ತ್ರೀ ಆಫ್ ಸ್ವೋರ್ಡ್ಸ್, ಅಂದರೆ ಮೂರು ಕತ್ತಿಯ ಕಾರ್ಡು ತೆಗೆದುಕೋ. 'ದುಃಖ, ಅಗಲಿಕೆ, ಮೋಸ' ಅಂತ ಬರೆದಿದ್ದೀಯ. ಅದು ಪಮೇಲಾಳ ಕಾರ್ಡಿಗೆ ಸರಿ, ಅಲ್ಲಿ ಮೂರು ಕತ್ತಿ ಹೃದಯದ ಆಚೆ ತೂರಿಕೊಂಡು ಹೋಗಿವೆ, ಹಿಂದೆ ಮಳೆ ಸುರಿಯುತ್ತಿದೆ. ನಿನ್ನ ಕಾರ್ಡಿನಲ್ಲಿ ಮೂರು ಕತ್ತರಿಗಳು ಕೆಂಪು ಕಾಗದವನ್ನು ಅರ್ಧ ಕತ್ತರಿಸಿ ಅಲ್ಲೇ ನಿಂತಿವೆ. ಯಾರೋ ಕೈ ತಡೆದಿದ್ದಾರೆ! ಅದರ ಬಗ್ಗೆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಏಸ್ ಆಫ್ ವಾಂಡ್ಸ್ (ಕೋಲಿನ ಎಕ್ಕ) ಪುಟ ನೋಡು, ಆ ಬೆಂಕಿಪೊಟ್ಟಣದ ಲೇಬಲ್ಲನ್ನು ಎಷ್ಟು ವರ್ಷ ಸುಮ್ನೆ ಇಟ್ಟುಕೊಂಡಿದ್ದೆ, ಕೊನೆಗೆ ಯಾಕೆ ಹರಿದೆ ಅಂತ ಬರೆದಿದ್ದೀಯಲ್ಲ, ಅದನ್ನು ಮೂರು ಸಲ ಓದಿದೆ. ಉಳಿದದ್ದನ್ನೂ ಹಾಗೇ ಬರೆ. ತಲೆಕೆಳಗಾದ ಕಾರ್ಡುಗಳ ಅರ್ಥವನ್ನು ಪೂರ್ತಿ ಬಿಟ್ಟುಬಿಡು, ನಿನ್ನ ಅರ್ಧ ಕಾರ್ಡುಗಳಿಗೆ ಮೇಲೆ ಕೆಳಗೆ ಅನ್ನೋದೇ ಇಲ್ಲ.

ಕಟ್ಟನ್ನು ಮುಂದಿನ ವಾರ ವಾಪಸ್ ಕಳಿಸುತ್ತೇನೆ. ಅಂಟಿನ ದಪ್ಪಕ್ಕೆ ಕೈಯಲ್ಲಿ ಕಲೆಸಲು ಆಗಲಿಲ್ಲ, ನೆಲದ ಮೇಲೆ ಹರಡಿ ಎರಡೂ ಕೈಯಲ್ಲಿ ಕಲೆಸಿದೆ, ಏನೂ ಹರಿದಿಲ್ಲ. ಹರ್ಮಿಟ್‌ನ ಒಂದು ಮೂಲೆ ಮಾತ್ರ ಬರುವಾಗಲೇ ಎದ್ದಿತ್ತು. ನಾನು ಅಂಟು ಹಾಕಲು ಹೋಗಲಿಲ್ಲ, ಬೇರೆ ಕವರಿನಲ್ಲಿ ಇಟ್ಟಿದ್ದೇನೆ. ಆ ಎರಡು ಅಕ್ಷರ ಯಾರ ಕೈಬರಹ ಅಂತ ಹೇಳಬೇಕು ಅನ್ನಿಸಿದರೆ, ನನಗೆ ಬೇಡ, ಪುಸ್ತಕದಲ್ಲೇ ಬರೆ.

ನಿನ್ನ ಗೆಳೆಯ